ಚಿಕಿತ್ಸಾ ಪ್ರಯೋಗದಲ್ಲಿ ಸಹಾಯಕ ಮನಶ್ಶಾಸ್ತ್ರಜ್ಞರ ಕೆಲಸ: ಕೋಲಾರದ ಹಳ್ಳಿಗಳಿಗೆ ಹೊರಡುವವರಿಗೆ ಒಂದು ಮಾರ್ಗದರ್ಶಿ

ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಎಷ್ಟೋ ಮಂದಿಗೆ ಮೊದಲು ಸಿಗುವ ಕೆಲಸ ಆಸ್ಪತ್ರೆಯದ್ದಲ್ಲ, ಯಾವುದಾದರೊಂದು ಸಂಶೋಧನಾ ಯೋಜನೆಯದ್ದು. ಖಿನ್ನತೆಗೆ ಅಥವಾ ಆತಂಕಕ್ಕೆ ಕೊಡುವ ಒಂದು ಚಿಕಿತ್ಸೆಯಿಂದ ನಿಜವಾಗಿಯೂ ಗುಣವಾಗುತ್ತದೆಯೇ ಎಂದು ಎರಡು ಗುಂಪುಗಳನ್ನು ಹೋಲಿಸಿ ನೋಡುವ ಪ್ರಯೋಗ ಅದು. ಅಂಥದ್ದೊಂದು ಪ್ರಯೋಗದಲ್ಲಿ ಮೂರು ವರ್ಷ ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸುತ್ತ ಓಡಾಡಿದ ಅನುಭವದಿಂದ ಈ ಲೇಖನ ಬರೆಯುತ್ತಿದ್ದೇನೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆಯಿರುವ ಪ್ರತಿ 100 ಮಂದಿಯಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆ ದೊಡ್ಡ ಸಮೀಕ್ಷೆಗೆ ಮುನ್ನ ಪೂರ್ವಪರೀಕ್ಷೆ ನಡೆದದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಕೊಡಬಹುದಾದ ಚಿಕಿತ್ಸೆ ಯಾವುದು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಇಂಥ ಪ್ರಯೋಗಗಳು ಬೇಕು, ಮತ್ತು ಆ ಉತ್ತರ ನಂಬಲರ್ಹವೇ ಎಂಬುದು ಬಹುಮಟ್ಟಿಗೆ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಸಹಾಯಕರ ಕೈಯಲ್ಲಿದೆ.

ಮೊದಲ ಹೆಜ್ಜೆ: ಸೇರುವ ಮುನ್ನ ವಿಚಾರಿಸಬೇಕಾದ್ದು

ಈ ಕೆಲಸಕ್ಕೆ ಬ್ರಿಟನ್ನಿನ ಆರೋಗ್ಯ ಸೇವೆಯಲ್ಲಿ ಸಹಾಯಕ ಮನಶ್ಶಾಸ್ತ್ರಜ್ಞ ಎಂಬ ಹೆಸರಿನ ಹುದ್ದೆಯೇ ಇದೆ. ನಮ್ಮಲ್ಲಿ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಸಂಶೋಧನಾ ಸಹಾಯಕ ಅಥವಾ ಪ್ರಾಜೆಕ್ಟ್ ಅಸಿಸ್ಟೆಂಟ್ ಎಂದಿರುತ್ತದೆ. ಹೆಸರು ಏನೇ ಇರಲಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗದ ಹೊರತು ನೀವು ಚಿಕಿತ್ಸಾ ಮನಶ್ಶಾಸ್ತ್ರಜ್ಞರಲ್ಲ. ಹಳ್ಳಿಯಲ್ಲಿ ಎಲ್ಲರೂ ನಿಮ್ಮನ್ನು "ಡಾಕ್ಟ್ರಮ್ಮ" ಎಂದೇ ಕರೆಯುತ್ತಾರಾದ್ದರಿಂದ, ಮೊದಲ ಭೇಟಿಯಲ್ಲೇ "ನಾನು ಡಾಕ್ಟರಲ್ಲಮ್ಮ, ಮಾತ್ರೆ ಬರೆದುಕೊಡುವವಳಲ್ಲ" ಎಂದು ತಿಳಿಸುವುದು ನಿಮ್ಮ ಕರ್ತವ್ಯ.

ಸಂದರ್ಶನಕ್ಕೆ ಹೋದಾಗ ಸಂಬಳದ ಜೊತೆಗೆ ಮೂರು ವಿಷಯಗಳನ್ನು ಸಂಕೋಚವಿಲ್ಲದೆ ಕೇಳಿ. ಭಾಗವಹಿಸುವವರ ಹಿತ, ಹಕ್ಕುಗಳನ್ನು ನೋಡಿಕೊಳ್ಳುವ ನೈತಿಕ ಸಮಿತಿಯ ಒಪ್ಪಿಗೆ ಪ್ರಯೋಗಕ್ಕೆ ಸಿಕ್ಕಿದೆಯೇ? ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಅದರ ಸಂಖ್ಯೆ ಏನು? ಕ್ಷೇತ್ರದಲ್ಲಿ ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು, ಅವರು ಯಾವ ಹೊತ್ತಿನಲ್ಲಿ ಸಿಗುತ್ತಾರೆ? ಆ ನೋಂದಣಿ 2007ರಲ್ಲಿ ಆರಂಭವಾಗಿ 2009ರ ಜೂನ್‌ನಿಂದ ಕಡ್ಡಾಯವಾಗಿದೆ. ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಣಿ ಆಗಿರಬೇಕು. ಅದನ್ನು ಯಾರು ಬೇಕಾದರೂ ತೆರೆದು ಓದಬಹುದು, ನೀವೂ ಓದಿ. ಮೂರನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದ ಕಡೆ ಸೇರಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದು ಮುಂದೆ ತಿಳಿಯುತ್ತದೆ.

ಎರಡನೆಯ ಹೆಜ್ಜೆ: ಪ್ರೋಟೋಕಾಲ್ ಓದುವುದು

ಪ್ರೋಟೋಕಾಲ್ ಎಂದರೆ ಪ್ರಯೋಗದ ಕಟ್ಟಳೆ. ಇಂಗ್ಲಿಷಿನಲ್ಲಿ ನಾಲ್ವತ್ತು ಐವತ್ತು ಪುಟ ಇರುವುದರಿಂದ ಬಹಳ ಮಂದಿ ಅದನ್ನು ಓದದೆ ತರಬೇತಿಯಲ್ಲಿ ಕೇಳಿದ್ದನ್ನೇ ನಂಬಿಕೊಳ್ಳುತ್ತಾರೆ. ಅದನ್ನು ಪೂರ್ತಿ ಓದಿ, ಯಾರನ್ನು ಸೇರಿಸಿಕೊಳ್ಳಬಹುದು, ಯಾರನ್ನು ಸೇರಿಸಿಕೊಳ್ಳಬಾರದು, ಮುಖ್ಯ ಫಲಿತಾಂಶ ಯಾವುದು, ಅದನ್ನು ಎಷ್ಟನೇ ತಿಂಗಳಲ್ಲಿ ಅಳೆಯಬೇಕು ಎಂಬ ನಾಲ್ಕು ಅಂಶಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಉದಾಹರಣೆಗೆ, ಗೋವಾದಲ್ಲಿ ವೃತ್ತಿಪರರಲ್ಲದ ಸ್ಥಳೀಯ ಸಲಹೆಗಾರರು ತೀವ್ರ ಖಿನ್ನತೆಗೆ ಮಾತಿನ ಚಿಕಿತ್ಸೆ ಕೊಟ್ಟ, 2017ರಲ್ಲಿ ಫಲಿತಾಂಶ ಪ್ರಕಟವಾದ ಪ್ರಯೋಗದಲ್ಲಿ 495 ಮಂದಿ ಇದ್ದರು. ಖಿನ್ನತೆ ಎಷ್ಟಿದೆ ಎಂದು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 14ಕ್ಕಿಂತ ಹೆಚ್ಚು ಅಂಕ ಬಂದವರನ್ನು ಸೇರಿಸಿಕೊಂಡು ಮುಖ್ಯ ಫಲಿತಾಂಶವನ್ನು ಮೂರು ತಿಂಗಳಿಗೆ ಅಳೆದರು. ಇಂಥ ಗಡಿ ಇರುವ ಕಡೆ 14 ಅಂಕ ಬಂದವರನ್ನು, ಅವರ ಕಷ್ಟ ನೋಡಿ ಕರುಣೆಯಿಂದ 15 ಎಂದು ಬರೆದುಕೊಂಡು ಸೇರಿಸಿದರೆ ಅವರಿಗೂ ಒಳ್ಳೆಯದಾಗುವುದಿಲ್ಲ, ಪ್ರಯೋಗಕ್ಕೂ ಆಗುವುದಿಲ್ಲ. ಅಂಥವರನ್ನು ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸುವ ದಾರಿ ಬೇರೆ ಇದೆ.

ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಕೆಲವು ಪ್ರಯೋಗಗಳಲ್ಲಿ ವ್ಯಕ್ತಿವ್ಯಕ್ತಿಗೂ ಆಕಸ್ಮಿಕವಾಗಿ ನಿರ್ಧರಿಸುತ್ತಾರೆ, ಕೆಲವದರಲ್ಲಿ ಇಡೀ ಆರೋಗ್ಯ ಕೇಂದ್ರವನ್ನೇ ಒಂದು ಘಟಕವಾಗಿ ಹಿಡಿಯುತ್ತಾರೆ. ರಾಮನಗರ ಜಿಲ್ಲೆಯಲ್ಲಿ ಖಿನ್ನತೆ, ಆತಂಕಗಳ ಜೊತೆಗೆ ಹೃದ್ರೋಗದ ಅಪಾಯವೂ ಇದ್ದವರಿಗಾಗಿ ನಡೆದ ಹೋಪ್ ಅಧ್ಯಯನ ಹೀಗೆ 49 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಹಂಚಿಕೊಂಡಿತ್ತು. ಒಂದೇ ಊರಿನ ಇಬ್ಬರು ಅಕ್ಕಪಕ್ಕದ ಮನೆಯವರಿಗೆ ಬೇರೆ ಬೇರೆ ಚಿಕಿತ್ಸೆ ಕೊಟ್ಟರೆ, ಸಂಜೆ ಜಗಲಿಯ ಮೇಲೆ ಕೂತು ಒಬ್ಬರ ಚಿಕಿತ್ಸೆಯನ್ನು ಇನ್ನೊಬ್ಬರಿಗೆ ಹೇಳಿಕೊಡುವುದು ಸಹಜವಾದ್ದರಿಂದ ಈ ಏರ್ಪಾಡು.

ಮೂರನೆಯ ಹೆಜ್ಜೆ: ಪ್ರಶ್ನೆಯ ಭಾಷೆ

ನಮ್ಮ ಗಡಿ ತಾಲ್ಲೂಕುಗಳಲ್ಲಿ ಹೆಚ್ಚು ಹೊತ್ತು ಬೇಡುವ ಕೆಲಸ ಇದೇ. ಶ್ರೀನಿವಾಸಪುರ, ಮುಳಬಾಗಿಲು, ಬಾಗೇಪಲ್ಲಿ, ಗುಡಿಬಂಡೆ, ಅತ್ತ ತುಮಕೂರಿನ ಪಾವಗಡ, ಎಲ್ಲ ಕಡೆ ಮನೆಮಾತು ತೆಲುಗು ಆದವರು ಬಹಳ. ಕೆಜಿಎಫ್‌ನಲ್ಲಿ ತಮಿಳು, ಪೇಟೆಗಳ ಮುಸ್ಲಿಂ ಮೊಹಲ್ಲಾಗಳಲ್ಲಿ ದಖನಿ ಉರ್ದು. ಆರೋಗ್ಯ ಕೇಂದ್ರದ ಕೌಂಟರಿನಲ್ಲಿ ಕನ್ನಡದಲ್ಲೇ ವ್ಯವಹರಿಸುವ ಹೆಂಗಸು ದುಃಖದ ಮಾತು ಬಂದ ಕೂಡಲೇ "ಮನಸು ಬಾಗಲೇದಮ್ಮ" ಎಂದು ತೆಲುಗಿಗೆ ಹೊರಳುತ್ತಾರೆ. ಆದ್ದರಿಂದ ಯಾವ ಭಾಷೆಯಲ್ಲಿ ಪ್ರಶ್ನೆ ಕೇಳಬೇಕೆಂಬುದನ್ನು ಅವರಿಂದಲೇ ತಿಳಿದುಕೊಂಡು ಮೊದಲ ಹಾಳೆಯಲ್ಲಿ ದಾಖಲಿಸಿ, ಮುಂದಿನ ಎಲ್ಲ ಭೇಟಿಗಳಲ್ಲೂ ಅದೇ ಭಾಷೆಯಲ್ಲಿ ಕೇಳಬೇಕು. ಮೊದಲ ಸಲ ಕನ್ನಡದಲ್ಲಿ, ಆರು ತಿಂಗಳ ಮೇಲೆ ತೆಲುಗಿನಲ್ಲಿ ಕೇಳಿದರೆ ಅಂಕಗಳ ವ್ಯತ್ಯಾಸ ಚಿಕಿತ್ಸೆಯದ್ದೋ ಭಾಷೆಯದ್ದೋ ಹೇಳಲಾಗದು.

ಅನುವಾದಗೊಂಡ ಪ್ರಶ್ನಾವಳಿಯನ್ನು ಕಚೇರಿಯವರು ಕೊಡುತ್ತಾರೆ. ಅದನ್ನು ಒಬ್ಬರು ಕನ್ನಡಕ್ಕೆ ತಂದು, ಮೂಲವನ್ನು ನೋಡದ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಎರಡನ್ನೂ ಹೋಲಿಸಿ ಸರಿಪಡಿಸಿರಬೇಕು. ಆದರೂ "ಆಸಕ್ತಿ", "ಏಕಾಗ್ರತೆ", "ಖಿನ್ನತೆ" ಎಂಬ ಪುಸ್ತಕದ ಮಾತುಗಳು ಉಳಿದುಬಿಟ್ಟಿರುತ್ತವೆ. ನಮ್ಮ ಜನ ಅದನ್ನೇ "ಯಾವುದ್ರ ಮೇಲೂ ಮನಸ್ಸಿಲ್ಲ", "ಎದೆ ಭಾರ", "ತಲೆ ಗಿರ್ ಅನ್ನುತ್ತೆ", "ಕೈಕಾಲು ಸೋಲು", "ನಿದ್ದೆ ಹತ್ತಲ್ಲ" ಎನ್ನುತ್ತಾರೆ. ಇಂಥ ಮಾತುಗಳನ್ನು ಕೇಳಿದಲ್ಲೆಲ್ಲ ಬರೆದಿಟ್ಟುಕೊಂಡು, ಪ್ರಯೋಗ ಆರಂಭವಾಗುವ ಮುನ್ನ ನಡೆಯುವ ಪೂರ್ವಪರೀಕ್ಷೆಯಲ್ಲಿ ತಂಡದ ಮುಂದಿಡಿ. ತಂಡ ಒಪ್ಪಿ, ವಿವರಣೆಯ ಮಾತು ಇಂಥದ್ದೇ ಎಂದು ಎಲ್ಲರಿಗೂ ಒಂದೇ ರೀತಿ ಬರೆದುಕೊಟ್ಟ ಮೇಲೆ ಮಾತ್ರ ಅದನ್ನು ಬಳಸಿ. ನಿಮಗೊಬ್ಬರಿಗೆ ಹೊಳೆದ ಚೆಂದದ ಮಾತನ್ನು ನೀವೊಬ್ಬರೇ ಬಳಸಿದರೆ, ಪಕ್ಕದ ತಾಲ್ಲೂಕಿನ ಸಹೋದ್ಯೋಗಿ ಅಳೆಯುತ್ತಿರುವುದು ಬೇರೆಯದೇ ಆಗಿಬಿಡುತ್ತದೆ.

ನಾಲ್ಕನೆಯ ಹೆಜ್ಜೆ: ಒಪ್ಪಿಗೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಂತೆ, ಭಾಗವಹಿಸುವವರು ಎಲ್ಲವನ್ನೂ ತಿಳಿದು ಸ್ವಂತ ಇಚ್ಛೆಯಿಂದ ಒಪ್ಪಬೇಕು, ಓದಲು ಬಾರದವರಾದರೆ ತಂಡಕ್ಕೆ ಸೇರದ ಒಬ್ಬ ಸಾಕ್ಷಿಯ ಎದುರು ಮಾಹಿತಿ ಪತ್ರವನ್ನು ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ನಿಯಮ ಇಷ್ಟೇ. ಅದನ್ನು ಹಳ್ಳಿಯ ನಡುಮನೆಯಲ್ಲಿ ಪಾಲಿಸುವುದು ಸುಲಭವಲ್ಲ.

ಮೊದಲನೆಯ ತೊಡಕು, ನಿಮ್ಮನ್ನು ಕರೆದುಕೊಂಡು ಬಂದವರು ಆಶಾ ಕಾರ್ಯಕರ್ತೆ. ಅವರ ಮಾತಿಗೆ ಇಲ್ಲ ಎನ್ನಲು ಆ ಮನೆಯವರಿಗೆ ಮುಜುಗರ. ಅಕ್ಕನಿಗೆ ಕೈಮುಗಿದು, "ಇಲ್ಲಿಂದ ನಾನು ನೋಡಿಕೊಳ್ಳುತ್ತೇನೆ" ಎಂದು ಬೀಳ್ಕೊಟ್ಟ ಮೇಲೆ ಒಪ್ಪಿಗೆಯ ಮಾತೆತ್ತಿ. ಎರಡನೆಯದು, ಸೊಸೆಯ ಪರವಾಗಿ ಅತ್ತೆ, ಹೆಂಡತಿಯ ಪರವಾಗಿ ಗಂಡ "ಹೂಂ, ಬರ್ಕೊಳಿ" ಎನ್ನುವುದು. ಅವರ ಹಿರಿತನಕ್ಕೆ ಗೌರವ ಕೊಟ್ಟೇ, ದನದ ಕೊಟ್ಟಿಗೆಯ ಬಳಿಯೋ ಶಾಲೆಯ ಕಟ್ಟೆಯ ಮೇಲೋ ಆಕೆಯೊಬ್ಬಳನ್ನೇ ಕೂರಿಸಿ ಕೇಳುವ ದಾರಿ ಹುಡುಕಬೇಕು. ಮೂರನೆಯದು, "ಇದರಿಂದ ಸರ್ಕಾರದಿಂದ ಏನಾದ್ರೂ ಬರುತ್ತಾ?" ಎಂಬ ಪ್ರಶ್ನೆ. ಇಲ್ಲ ಎಂದು ನೇರವಾಗಿ ಹೇಳಿ. ಪ್ರಯಾಣದ ಖರ್ಚು ಕೊಡುವುದಿದ್ದರೆ ಅಷ್ಟನ್ನು ತಿಳಿಸಿ.

ಆಕಸ್ಮಿಕ ಹಂಚಿಕೆಯನ್ನು ವಿವರಿಸಲು ನಾನು ಮೊದಮೊದಲು "ಚೀಟಿ ಎತ್ತುತ್ತೇವೆ" ಎನ್ನುತ್ತಿದ್ದೆ. ಮುಳಬಾಗಿಲಿನ ಒಂದು ಹಳ್ಳಿಯಲ್ಲಿ ಒಬ್ಬಾಕೆ ಗಾಬರಿಯಿಂದ ಎದ್ದೇಬಿಟ್ಟರು. ಅವರಿಗೆ ಚೀಟಿ ಎಂದರೆ ತಿಂಗಳು ತಿಂಗಳು ದುಡ್ಡು ಕಟ್ಟುವ ಚೀಟಿ, ಅದರಲ್ಲಿ ಅವರು ಹಣ ಕಳೆದುಕೊಂಡಿದ್ದರು. ಮತ್ತೊಬ್ಬರಿಗೆ ಚೀಟಿ ಎಂದರೆ ಡಾಕ್ಟರು ಬರೆದುಕೊಡುವ ಔಷಧಿಯ ಚೀಟಿ. ತಂಡದಲ್ಲಿ ಚರ್ಚಿಸಿ, ಆಟಕ್ಕೆ ಮೊದಲು ನಾಣ್ಯ ಚಿಮ್ಮುವ ಹೋಲಿಕೆಗೆ ಬದಲಾಯಿಸಿಕೊಂಡೆವು: ಯಾರಿಗೆ ಯಾವ ಗುಂಪು ಎಂದು ನಾನು ಆರಿಸುವುದಿಲ್ಲ, ಡಾಕ್ಟರೂ ಆರಿಸುವುದಿಲ್ಲ, ನೀವು ಯಾವ ಗುಂಪಿಗೆ ಬಂದರೂ ಆಸ್ಪತ್ರೆಯಲ್ಲಿ ಈಗ ಸಿಗುತ್ತಿರುವ ಯಾವ ಸೌಲಭ್ಯವೂ ತಪ್ಪುವುದಿಲ್ಲ. ಇಷ್ಟು ಹೇಳಿದ ಮೇಲೆ, "ನಾನು ಹೇಳಿದ್ದನ್ನು ನಿಮ್ಮ ಮಾತಲ್ಲಿ ಒಮ್ಮೆ ಹೇಳ್ತೀರಾ?" ಎಂದು ಕೇಳಿ. "ನೀವು ನನಗೆ ಒಳ್ಳೆ ಚಿಕಿತ್ಸೆ ಕೊಡಿಸ್ತೀರಿ" ಎಂಬ ಉತ್ತರ ಬಂದರೆ ಅವರಿಗೆ ಇನ್ನೂ ಅರ್ಥವಾಗಿಲ್ಲ. ಮತ್ತೆ ಮೊದಲಿನಿಂದ ಹೇಳಿ, ಇಲ್ಲವೇ ಪತ್ರ ಬಿಟ್ಟು ಬಂದು ಮರುದಿನ ಹೋಗಿ.

ಐದನೆಯ ಹೆಜ್ಜೆ: ಅಳತೆ

ಪಿಎಚ್‌ಕ್ಯೂ-9ರಲ್ಲಿ ಒಂಬತ್ತು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಆ ತೊಂದರೆ ಇಲ್ಲವೇ ಇಲ್ಲ, ಕೆಲವು ದಿನ ಇತ್ತು, ಅರ್ಧಕ್ಕಿಂತ ಹೆಚ್ಚು ದಿನ ಇತ್ತು, ಹೆಚ್ಚುಕಡಿಮೆ ದಿನವೂ ಇತ್ತು ಎಂಬ ನಾಲ್ಕು ಉತ್ತರಗಳಿಗೆ 0ಯಿಂದ 3ರವರೆಗೆ ಅಂಕ. ಒಟ್ಟು 27. ಕ್ರಮವಾಗಿ 5, 10, 15, 20ರಿಂದ ಅಲ್ಪ, ಮಧ್ಯಮ, ಸ್ವಲ್ಪ ತೀವ್ರ, ತೀವ್ರ ಎಂದು ಎಣಿಸುತ್ತಾರೆ. ನೋಡಲು ಹತ್ತು ನಿಮಿಷದ ಕೆಲಸ.

ಎರಡು ವಾರ ಎಂಬುದನ್ನು ಕ್ಯಾಲೆಂಡರಿನ ತಾರೀಖಿನಿಂದ ಹೇಳಿದರೆ ಹಿರಿಯರಿಗೆ ಹಿಡಿತ ಸಿಗುವುದಿಲ್ಲ. ಹಿಂದಿನ ಸಂತೆಯ ಹಿಂದಿನ ಸಂತೆಯಿಂದ ಇವತ್ತಿನವರೆಗೆ ಎಂದರೆ ಥಟ್ಟನೆ ತಿಳಿಯುತ್ತದೆ. ಭೇಟಿಯ ದಿನ ಅಮಾವಾಸ್ಯೆಗೋ ಹುಣ್ಣಿಮೆಗೋ ಹತ್ತಿರವಿದ್ದರೆ ಅದೂ ಆಗುತ್ತದೆ. ಉತ್ತರಗಳ ನಾಲ್ಕು ಹಂತಗಳನ್ನು ಬಾಯಲ್ಲಿ ಹೇಳುವುದರ ಜೊತೆಗೆ ಖಾಲಿ, ಕಾಲು, ಅರ್ಧಕ್ಕಿಂತ ಮೇಲೆ, ತುಂಬಿದ ಲೋಟದ ಚಿತ್ರದ ಹಾಳೆ ತೋರಿಸಲು ನಮ್ಮ ಪ್ರಯೋಗದಲ್ಲಿ ಅನುಮತಿ ಇತ್ತು. ನಿಮ್ಮಲ್ಲಿ ಇಲ್ಲದಿದ್ದರೆ ಕೇಳಿ ಪಡೆಯಿರಿ.

ನನ್ನ ತಪ್ಪೊಂದನ್ನು ಇಲ್ಲಿ ಹೇಳಲೇಬೇಕು. ಸೇರಿದ ಮೊದಲ ತಿಂಗಳುಗಳಲ್ಲಿ, ಮಗನನ್ನು ಕಳೆದುಕೊಂಡ ಒಬ್ಬ ತಾಯಿಗೆ ಆರನೆಯ ಪ್ರಶ್ನೆಯನ್ನು, ಅಂದರೆ ತಾನು ಸೋತವಳು, ಮನೆಯವರಿಗೆ ನಿರಾಸೆ ಮಾಡಿದವಳು ಎನ್ನಿಸುತ್ತದೆಯೇ ಎಂಬುದನ್ನು, ಹಾಗೆಯೇ ಕೇಳಲು ನನಗೆ ಬಾಯಿ ಬರಲಿಲ್ಲ. "ಹಾಗೇನೂ ಅನ್ಸಲ್ಲ ಅಲ್ವಾಮ್ಮ?" ಎಂದುಬಿಟ್ಟೆ. ಆಕೆ ನನ್ನ ಮುಖ ನೋಡಿ "ಇಲ್ಲ" ಎಂದರು. ಧ್ವನಿಮುದ್ರಣ ಕೇಳಿದ ಮೇಲ್ವಿಚಾರಕರು ನನ್ನನ್ನು ಗದರಲಿಲ್ಲ. ಆ ಎರಡು ಸಾಲನ್ನು ಮೂರು ಸಲ ಕೇಳಿಸಿದರು, ಅಷ್ಟೇ. ನನಗೆ ನೋವಾಗಬಾರದೆಂದು ಆ ತಾಯಿ ತನ್ನ ನೋವನ್ನು ಮುಚ್ಚಿಟ್ಟಿದ್ದರು. ನಾನು ತೋರಿಸಿದ ಕನಿಕರ ಆಕೆಯ ಬಾಯನ್ನೇ ಕಟ್ಟಿತ್ತು. ಅಂದಿನಿಂದ ಪ್ರಶ್ನೆಯನ್ನು ಬರೆದಂತೆ, ಮೆಲ್ಲನೆ ಓದಿ, ಸುಮ್ಮನೆ ಕಾಯುವುದನ್ನು ಅಭ್ಯಾಸ ಮಾಡಿದೆ. ಆ ಮೌನ ಸಹಿಸಲಾಗದೆ ನೀವು ಬಾಯಿ ತೆರೆದರೆ ಉತ್ತರ ನಿಮ್ಮದಾಗುತ್ತದೆ. ಕಣ್ಣೀರು ಬಂದರೆ ನಿಲ್ಲಿಸಿ, ನೀರು ಕೊಡಿ, ಮುಂದುವರಿಸಬೇಕೆ ಎಂದು ಅವರನ್ನೇ ಕೇಳಿ. ಆದರೆ ಪ್ರಶ್ನೆಯನ್ನು ಮಾತ್ರ ಮೃದುಗೊಳಿಸಬೇಡಿ.

ಆರನೆಯ ಹೆಜ್ಜೆ: ಒಂಬತ್ತನೆಯ ಪ್ರಶ್ನೆಗೆ ಹೌದು ಎಂದರೆ

ಬದುಕಿರುವುದಕ್ಕಿಂತ ಸತ್ತರೆ ಮೇಲು ಎಂಬ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು ಒಂಬತ್ತನೆಯ ಪ್ರಶ್ನೆ. "ದೇವರು ಕರ್ಕೊಂಡ್ರೆ ಸಾಕಪ್ಪ" ಎಂಬುದು ವಯಸ್ಸಾದವರ ವಾಡಿಕೆಯ ಮಾತು ಎಂದು ತಳ್ಳಿಹಾಕಬೇಡಿ. ಸೊನ್ನೆಯಲ್ಲದ ಯಾವ ಉತ್ತರ ಬಂದರೂ ಪ್ರಯೋಗದ ಅಪಾಯ ನಿರ್ವಹಣಾ ಕ್ರಮ ಅಲ್ಲಿಂದ ಶುರುವಾಗಬೇಕು. ಇದನ್ನು ಕೇಳಿದರೆ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಹೆದರಿಕೆ ಹೊಸಬರಿಗೆ ಇರುತ್ತದೆ, ಅದು ನಿಜವಲ್ಲ. ನೇರವಾಗಿ, ಶಾಂತವಾಗಿ ಕೇಳಿದಾಗ ಬಹಳ ಮಂದಿಗೆ ಹಗುರವಾಗುವುದನ್ನೇ ನಾನು ಕಂಡಿದ್ದೇನೆ.

ಆ ಯೋಚನೆ ಎಷ್ಟು ಸಲ ಬರುತ್ತದೆ, ಮಾಡಿಕೊಳ್ಳಬೇಕೆಂಬ ಉದ್ದೇಶ ಇದೆಯೇ, ಹಿಂದೆ ಪ್ರಯತ್ನಿಸಿದ್ದರೇ ಎಂದು ಕ್ರಮಪತ್ರದಲ್ಲಿರುವಂತೆ ಕೇಳಿ. ಅಪಾಯ ಹತ್ತಿರದಲ್ಲಿದೆ ಎನ್ನಿಸಿದರೆ ಉಳಿದ ಪ್ರಶ್ನಾವಳಿಯನ್ನು ಅಲ್ಲಿಗೇ ಬಿಡಿ. ಅವರನ್ನು ಒಂಟಿಯಾಗಿ ಬಿಟ್ಟು ಏಳಬೇಡಿ. ಅಲ್ಲಿಂದಲೇ ಮೇಲ್ವಿಚಾರಕರಿಗೆ ಫೋನ್ ಮಾಡಿ, ಮನೆಯವರಲ್ಲಿ ಯಾರಿಗೆ ಹೇಳಬಹುದೆಂದು ಎದುರಿಗಿರುವವರನ್ನೇ ಕೇಳಿ, ಆ ಮನೆಯವರನ್ನು ಜೊತೆಗೆ ಕೂರಿಸಿಕೊಳ್ಳಿ. ಯಾರಿಗೂ ಹೇಳಬೇಡಿ ಎಂದರೆ, ಜೀವ ಉಳಿಸಲು ಬೇಕಾದಷ್ಟನ್ನು ಹೇಳಲೇಬೇಕಾಗುತ್ತದೆ ಎಂದು ತಿಳಿಸಿಯೇ ಹೇಳಿ. ಒಪ್ಪಿಗೆ ಪತ್ರದಲ್ಲೇ ಈ ಮಾತು ಇರುವುದು ಇದಕ್ಕಾಗಿ. ಟೊಮೆಟೊ, ಮಾವು ಬೆಳೆಯುವ ನಮ್ಮ ಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧಿ ಜಗಲಿಯ ಮೂಲೆಯಲ್ಲೇ ಇರುತ್ತದೆ. ಅದನ್ನು ಅಂದೇ ಮನೆಯಿಂದ ಹೊರಗೆ, ಬೇರೆಯವರ ಬಳಿ ಬೀಗ ಹಾಕಿಡುವಂತೆ ಮನೆಯ ಹಿರಿಯರಿಗೆ ಹೇಳಿ. ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುವ ಏರ್ಪಾಡನ್ನು ನೀವೇ ಮುಂದೆ ನಿಂತು ನೋಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಅದನ್ನು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಬರೆದು ಬನ್ನಿ.

"ಪೊಲೀಸ್ ಕೇಸಾಗುತ್ತಾ?" ಎಂದು ಮನೆಯವರು ಮೆಲ್ಲನೆ ಕೇಳುತ್ತಾರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಬೇರೆ ರೀತಿ ಸಾಬೀತಾಗದ ಹೊರತು ಅವರನ್ನು ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಇದನ್ನು ತಿಳಿದಿರಿ, ಹೇಳಿ. ಸಂಜೆಯೊಳಗೆ ಎಲ್ಲವನ್ನೂ ಬರೆದು ಪ್ರಧಾನ ಸಂಶೋಧಕರಿಗೆ ತಲುಪಿಸಿ. ಗಂಭೀರ ಘಟನೆಯಾಗಿದ್ದರೆ ಅವರು 24 ಗಂಟೆಯೊಳಗೆ ನೈತಿಕ ಸಮಿತಿಗೆ ವರದಿ ಮಾಡಬೇಕಾಗುತ್ತದೆ. ಇಷ್ಟೆಲ್ಲ ಮಾಡುವಾಗ ಪ್ರಯೋಗದ ಯಾವುದಾದರೂ ಕಟ್ಟಳೆ ಮುರಿದರೆ ಮುರಿಯಲಿ, ಆಮೇಲೆ ದಾಖಲಿಸಿದರಾಯಿತು.

ಏಳನೆಯ ಹೆಜ್ಜೆ: ಗುಂಪಿನ ಗುಟ್ಟು

ಅಳತೆ ಮಾಡುವವರಿಗೆ ಎದುರಿಗಿರುವವರು ಯಾವ ಗುಂಪಿನವರೆಂದು ತಿಳಿದಿರಬಾರದು. ತಿಳಿದರೆ ನಮಗೇ ಅರಿವಿಲ್ಲದೆ ಒಂದು ಗುಂಪಿನವರು ಚೇತರಿಸಿಕೊಂಡಂತೆ ಕಾಣತೊಡಗುತ್ತಾರೆ. ಪ್ರತಿ ಭೇಟಿಯ ಆರಂಭದಲ್ಲಿ "ನಿಮಗೆ ಯಾರು ಬಂದು ಮಾತಾಡಿಸ್ತಾರೆ, ಏನು ಹೇಳ್ಕೊಡ್ತಾರೆ ಅನ್ನೋದನ್ನ ನನಗೆ ಹೇಳಬೇಡಿ" ಎಂದು ವಿನಂತಿಸಿ. ಆದರೂ ಬಸ್ ನಿಲ್ದಾಣದಲ್ಲಿ ಯಾರೋ "ನಿಮ್ಮ ಕೌನ್ಸೆಲರ್ ಮೇಡಂ ಚೆನ್ನಾಗಿ ಮಾತಾಡ್ತಾರೆ" ಎಂದುಬಿಡುತ್ತಾರೆ. ಅದನ್ನು ಮುಚ್ಚಿಡದೆ ದಾಖಲಿಸಿ, ಮುಂದಿನ ಅಳತೆಗೆ ಬೇರೆಯವರನ್ನು ಕಳಿಸಲು ಕೇಳಿ.

ನೀವು ಚಿಕಿತ್ಸೆ ಕೊಡುವ ತಂಡದಲ್ಲಿದ್ದರೆ ಮಾತು ಬೇರೆ. ಅಲ್ಲಿ ಕೈಪಿಡಿಯಲ್ಲಿರುವಷ್ಟನ್ನೇ ಕೊಡಬೇಕು, ಅವಧಿಗಳನ್ನು ಒಪ್ಪಿಗೆಯಿಂದ ಧ್ವನಿಮುದ್ರಿಸಿ ಮೇಲ್ವಿಚಾರಕರಿಗೆ ಕೇಳಿಸಬೇಕು. ಮಾಡಬೇಕಾದ ಕೆಲಸಗಳನ್ನು ಸಣ್ಣ ಸಣ್ಣದಾಗಿ ಗೊತ್ತುಮಾಡಿಕೊಂಡು ಮತ್ತೆ ಬದುಕಿಗೆ ಮರಳುವ ಚಿಕಿತ್ಸೆಯಾಗಿದ್ದರೆ, ಆ ಕೆಲಸ ಅವರ ಬದುಕಿನದ್ದೇ ಆಗಿರಲಿ. ನಿಲ್ಲಿಸಿಬಿಟ್ಟಿದ್ದ ರಂಗೋಲಿ, ಅವರೆ ಸೊಗಡಿನ ಕಾಲದಲ್ಲಿ ಅಕ್ಕನ ಮನೆಗೆ ಒಂದು ಹೋಗಿಬರುವಿಕೆ, ಇಂಥವು ಸಾಕು.

ಎಂಟನೆಯ ಹೆಜ್ಜೆ: ಮರುಭೇಟಿ

ಪ್ರಯೋಗಗಳು ಬಲ ಕಳೆದುಕೊಳ್ಳುವುದು ಇಲ್ಲಿ. ಮರುಭೇಟಿಗೆ ಸಿಗದವರು ಸಿಕ್ಕವರಂತೆಯೇ ಇರುತ್ತಾರೆಂದು ಹೇಳಲಾಗದು. ಕೆಲವರು ವಾಸಿಯಾಗಿ ಕೆಲಸಕ್ಕೆ ಹೋಗಿರುತ್ತಾರೆ, ಕೆಲವರು ಹಾಸಿಗೆ ಬಿಟ್ಟು ಎದ್ದಿರುವುದಿಲ್ಲ. ಆದ್ದರಿಂದ ಚಿಕಿತ್ಸೆಯನ್ನು ನಡುವೆ ಬಿಟ್ಟವರನ್ನೂ ಹುಡುಕಿ ಅಳೆಯಬೇಕು. ಲೆಕ್ಕದಲ್ಲಿ ಅವರು ಮೊದಲು ಬಿದ್ದ ಗುಂಪಿನಲ್ಲೇ ಇರುತ್ತಾರೆ.

ಮರುಭೇಟಿಯ ದಿನವನ್ನು ಊರಿನ ದುಡಿಮೆ ನೋಡಿಕೊಂಡು ಗೊತ್ತುಮಾಡಿ. ಶ್ರೀನಿವಾಸಪುರದಲ್ಲಿ ಮಾವಿನ ಕೊಯ್ಲು ನಡೆಯುವ ಮೇ, ಜೂನ್‌ನಲ್ಲಿ ಗಂಡಸರು ಮಂಡಿಯಲ್ಲಿರುತ್ತಾರೆ. ರಾಗಿ ಕೊಯ್ಲಿನ ದಿನಗಳಲ್ಲಿ ಹಗಲು ಯಾರೂ ಮನೆಯಲ್ಲಿರುವುದಿಲ್ಲ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಎದ್ದ ಮೇಲೆ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ತನಕ ಹೆಂಗಸರಿಗೆ ಉಣ್ಣಲೂ ಪುರುಸೊತ್ತಿಲ್ಲ. ಡೇರಿಗೆ ಹಾಲು ಹಾಕುವ ಹೊತ್ತಿಗೆ ಬಾಗಿಲು ತಟ್ಟಬೇಡಿ. ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರು ಭಾನುವಾರ ಮಾತ್ರ ಸಿಗುತ್ತಾರೆ. ಸೇರಿಸಿಕೊಳ್ಳುವಾಗಲೇ ಇಬ್ಬರು ನಂಟರ ಫೋನ್ ಸಂಖ್ಯೆ ಪಡೆದಿಡಿ. ಆದರೆ ಅವರಿಗೆ ಕರೆ ಮಾಡಿದಾಗ ಯಾವ ಕಾಯಿಲೆಯ ವಿಷಯವೆಂದು ಬಾಯಿಬಿಡಬೇಡಿ, "ಆರೋಗ್ಯ ಅಧ್ಯಯನದ ಕಡೆಯವರು" ಎಂದಷ್ಟೇ ಹೇಳಿ. ಮೂರು ಸಲ ಹೋದರೂ ಸಿಗಲೊಲ್ಲದವರು ಬಾಯಿಬಿಟ್ಟು ಹೇಳಲಾರದೆ ಬೇಡವೆನ್ನುತ್ತಿರಬಹುದು. ಅದನ್ನು ಅರ್ಥಮಾಡಿಕೊಂಡು ಬಿಟ್ಟುಕೊಡಿ.

ಒಂಬತ್ತನೆಯ ಹೆಜ್ಜೆ: ದಾಖಲೆ

ಕಾಗದದ ನಮೂನೆಯಲ್ಲಿ ತಪ್ಪಾದರೆ ಬಿಳಿ ಬಣ್ಣ ಹಚ್ಚಬೇಡಿ. ಮೊದಲು ಬರೆದದ್ದು ಕಾಣುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಕಿರುಸಹಿ ಮತ್ತು ತಾರೀಖು ಹಾಕಿ. ಹೆಸರಿನ ಪಟ್ಟಿ ಒಂದು ಕಡೆ, ಗುರುತುಸಂಖ್ಯೆಯಿರುವ ಉತ್ತರಗಳು ಇನ್ನೊಂದು ಕಡೆ, ಬೇರೆ ಬೇರೆ ಬೀಗದಲ್ಲಿರಲಿ. ಭಾಗವಹಿಸಿದವರ ಫೋಟೊ, ಹೆಸರು, ಊರು ಯಾವುದನ್ನೂ ತಂಡದ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಕೇಳಲು ಮರೆತ ಪ್ರಶ್ನೆಗೆ ರೂಮಿಗೆ ಬಂದು ಅಂದಾಜಿನ ಉತ್ತರ ತುಂಬುವ ಆಸೆ ತಿಂಗಳ ಕೊನೆಯಲ್ಲಿ, ಗುರಿ ಮುಟ್ಟಿಲ್ಲದಾಗ, ಎಲ್ಲರಿಗೂ ಬರುತ್ತದೆ. ಖಾಲಿ ಬಿಟ್ಟ ಜಾಗವನ್ನು ಅಂಕಿಅಂಶ ತಜ್ಞರು ನಿಭಾಯಿಸಬಲ್ಲರು. ಸುಳ್ಳು ಉತ್ತರವನ್ನು ಯಾರೂ ಗುರುತಿಸಲಾರರು, ಮತ್ತು ಅದರ ಮೇಲೆ ನಿಂತ ಚಿಕಿತ್ಸೆ ಮುಂದೆ ಸಾವಿರಾರು ಮಂದಿಗೆ ತಲುಪಬಹುದು.

ದಿನಕ್ಕೆ ನಾಲ್ಕು ಮನೆಗಳ ದುಃಖ ಕೇಳಿ ಬಂದವರಿಗೆ ರಾತ್ರಿ ನಿದ್ದೆ ಬಾರದಿರುವುದು ದೌರ್ಬಲ್ಯವಲ್ಲ. ವಾರದ ಮೇಲ್ವಿಚಾರಣಾ ಸಭೆಯಲ್ಲಿ ಅಂಕಿಗಳ ಜೊತೆಗೆ ಅದನ್ನೂ ಹೇಳಿ.

ಹತ್ತನೆಯ ಹೆಜ್ಜೆ: ಮುಗಿಸುವುದು

ಯೋಜನೆಯ ಹಣ ಮುಗಿಯುವ ದಿನ ಮೊದಲೇ ಗೊತ್ತಿರುತ್ತದೆ, ಭಾಗವಹಿಸಿದವರಿಗೆ ಮಾತ್ರ ಗೊತ್ತಿರುವುದಿಲ್ಲ. ಕೊನೆಯ ಅಳತೆಗೆ ಎರಡು ತಿಂಗಳು ಮೊದಲೇ ತಿಳಿಸಿ. ಇನ್ನೂ ಚಿಕಿತ್ಸೆ ಬೇಕಾದವರ ಪಟ್ಟಿಯನ್ನು, ಅವರ ಒಪ್ಪಿಗೆ ಪಡೆದು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಒಪ್ಪಿಸಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆಂದು ಆಸ್ಪತ್ರೆಯಲ್ಲಿ ವಿಚಾರಿಸಿ, ಮೊದಲ ಸಲ ನೀವೇ ಜೊತೆಗೆ ಹೋಗಿ ವೈದ್ಯರಿಗೆ ಪರಿಚಯಿಸಿ. ತೀವ್ರ ಕಾಯಿಲೆಯವರಿಗೆ ಊರಲ್ಲೇ ವರ್ಷಗಟ್ಟಲೆ ಬೆನ್ನುಹತ್ತಿ ಚಿಕಿತ್ಸೆ ಕೊಡಬಹುದೆಂಬುದಕ್ಕೆ ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲಿ ನಿಮ್ಹಾನ್ಸ್ ಸ್ಕಿಜೋಫ್ರೇನಿಯಾ ಇರುವವರಿಗಾಗಿ ನಡೆಸಿಕೊಂಡು ಬಂದ ಕಾರ್ಯಕ್ರಮ ನಮ್ಮ ಮಗ್ಗುಲಲ್ಲೇ ಇರುವ ಉದಾಹರಣೆ. ಫಲಿತಾಂಶ ಪ್ರಕಟವಾದ ಮೇಲೆ, ಅದು ನಾವು ಬಯಸಿದ್ದಾಗಿರಲಿ ಬಿಡಲಿ, ಅದೇ ಆರೋಗ್ಯ ಕೇಂದ್ರಕ್ಕೆ ಹೋಗಿ, ಉತ್ತರ ಕೊಟ್ಟವರನ್ನು ಮತ್ತು ಆಶಾ ಅಕ್ಕಂದಿರನ್ನು ಕೂರಿಸಿಕೊಂಡು, ಏನು ತಿಳಿದುಬಂತೆಂದು ಅವರ ಭಾಷೆಯಲ್ಲಿ ಹೇಳುವ ದಿನವೊಂದನ್ನು ಪ್ರಧಾನ ಸಂಶೋಧಕರಿಂದ ಮೊದಲೇ ಗೊತ್ತುಮಾಡಿಸಿಕೊಳ್ಳಿ.